ಮೂರನೇ ತೊಟ್ಟಿಯ ಮೀನುಗಳಿಗೆ, ಉಪವಾಸ ಮುರಿದ ವಿಚಾರವಾಗಿ

ಇವರಿಗೆ,
ಮೂರನೇ ತೊಟ್ಟಿಯ ಸಮಸ್ತ ತಿಲಾಪಿಯಾ ಮೀನುಗಳು,
ಬಾಗಿಲ ಪಕ್ಕ, ಅಕ್ಕನ ಹೊಲಿಗೆ ಕೋಣೆ.

ಮಾನ್ಯರೇ,

ತಾವೆಲ್ಲರೂ ಕ್ಷೇಮವೆಂಬುದು ಪಂಪಿನ ಸದ್ದಿನಿಂದಲೇ ತಿಳಿಯುತ್ತಿರುವುದರಿಂದ ಆ ಬಗ್ಗೆ ವಿಚಾರಿಸಿ ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುವುದಿಲ್ಲ. ಇತ್ತ ನಾನೂ ಕ್ಷೇಮ ಎಂದು ಬರೆಯುವುದು ರೂಢಿ. ರೂಢಿ ತಪ್ಪಬಾರದೆಂದು ಬರೆದಿದ್ದೇನೆ, ದಯವಿಟ್ಟು ನಂಬಬೇಡಿ. ನೀರಿನ ಬಿಸಿ ತಮಗೆ ಹಿತವಾಗಿದೆಯೆಂದೂ ಇಂದು ಬೆಳಿಗ್ಗೆ ಬಡಿಸಿದ ಆಹಾರದ ಗುಳಿಗೆಗಳು ತಮ್ಮ ಬಾಯಿಯ ಅಳತೆಗೆ ತಕ್ಕಂತಿದ್ದವೆಂದೂ ಭಾವಿಸಿ, ಕೈಮುಗಿದು, ಕನ್ನಡಕ ತೊಟ್ಟಿಗೆ ಬೀಳದಷ್ಟು ಮಾತ್ರ ತಲೆಬಾಗಿ, ಈ ದೂರನ್ನು ತಮ್ಮ ಪಾದಗಳಿಗೆ ಅರ್ಪಿಸುತ್ತಿದ್ದೇನೆ. ತಮಗೆ ಪಾದಗಳಿಲ್ಲದಿರುವುದು ನನ್ನ ಗಮನದಲ್ಲಿದೆ. ಬಾಲಕ್ಕೆ ಅರ್ಪಿಸುವ ಪದ್ಧತಿ ಪತ್ರವ್ಯವಹಾರದಲ್ಲಿ ಇನ್ನೂ ಬಂದಿಲ್ಲ.

'ಮಾನ್ಯರೇ' ಎಂದಷ್ಟೇ ಕರೆದು 'ಮಹಿಳೆಯರೇ' ಎಂದು ಸೇರಿಸದಿರುವುದಕ್ಕೂ ಕಾರಣವಿದೆ. ಮರಿ ಮಾರಿದಾತ ತಾವೆಲ್ಲ ಗಂಡುಗಳೇ ಎಂದು, ಗಂಡುಗಳಾದರೆ ಸಂಸಾರದ ತಾಪತ್ರಯವಿಲ್ಲದೆ ಬೇಗ ಮೈ ತುಂಬಿಕೊಳ್ಳುತ್ತೀರೆಂದು, ತಲೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ್ದ. ಆಮೇಲೊಂದು ದಿನ ತೊಟ್ಟಿಯ ಮೂಲೆಯಲ್ಲಿ ಅಕ್ಕಿಕಾಳಿನ ಗಾತ್ರದ ಮಕ್ಕಳ ದಂಡೇ ಕಂಡಾಗ ಅವನಿಗೆ ಫೋನ್ ಮಾಡಿ ದಬಾಯಿಸಿದರೆ, "ಸಾರ್, ಮೀನಿನ ಮನಸ್ಸು ಯಾರಿಗ್ ಗೊತ್ತು?" ಎಂದ. ನಾನು ಆ ಉತ್ತರಕ್ಕೆ ತಲೆದೂಗಿ, ಅವನಿಗೆ ಥ್ಯಾಂಕ್ಸ್ ಬೇರೆ ಹೇಳಿ ಫೋನ್ ಇಟ್ಟೆ. ಇಂಥ ಉತ್ತರಕ್ಕೆ ತಲೆದೂಗುವವನು ಯಾವ ವ್ಯಾಪಾರ ಮಾಡಿಯಾನು ಎಂದು ತಾವು ಆಗಲೇ ಅಂದಾಜು ಮಾಡಿರುತ್ತೀರಿ, ನನಗೆ ತಡವಾಯಿತು.

ನನ್ನ ಪರಿಚಯ ತಮಗೆ ಊಟ ಬಡಿಸುವ ಕೈಯ ಮಟ್ಟಿಗೆ ಮಾತ್ರ ಇರಬಹುದು. ಕೈಯ ಹಿಂದೆ ಇರುವವನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತಿದ್ದ, ವಿದ್ಯಾರ್ಥಿಗಳು ಬೆನ್ನ ಹಿಂದೆ 'ಲಾಭನಷ್ಟ ಮೇಷ್ಟ್ರು' ಎಂದು ಕರೆಯುತ್ತಿದ್ದ ಮನುಷ್ಯ. ಒಂದು ಉದ್ಯಮ ಆರ್ಥಿಕವಾಗಿ ನಿಲ್ಲುತ್ತದೋ ಇಲ್ಲವೋ ಎಂದು ಮೊದಲೇ ತೂಗಿ ನೋಡುವುದು ಹೇಗೆ ಎಂಬ ಅಧ್ಯಾಯವನ್ನು ನಾನು ಎಷ್ಟು ವರ್ಷ, ಎಷ್ಟು ತರಗತಿಗಳಿಗೆ ಬೋಧಿಸಿದ್ದೇನೆಂದರೆ, ಅದನ್ನು ಓದಿಕೊಂಡ ಹುಡುಗರು ಈಗ ಎಲ್ಲೆಲ್ಲೋ ಸುಖವಾಗಿ ಸಂಬಳ ಎಣಿಸುತ್ತಿದ್ದಾರೆ, ಒಬ್ಬನೂ ಮೀನು ಸಾಕಿಲ್ಲ. ಬೋಧಿಸಿದವನೊಬ್ಬನೇ ಕೆಲಸ ಬಿಟ್ಟು, ವಾರಾಂತ್ಯದ ಒಂದು ತರಬೇತಿ ಮುಗಿಸಿ, ಮನೆಯೊಳಗೇ ನೀರು ತಿರುಗಿಸಿ ಮೀನು ಬೆಳೆಸುವ ವಿದ್ಯೆಯಲ್ಲಿ ಪಂಡಿತನಾಗಿ ಹಿಂದಿರುಗಿದ. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ನಾನು ಕುಲಾವಿಯ ಜೊತೆಗೆ ಕೂಸಿನ ಮದುವೆಗೆ ಛತ್ರವನ್ನೂ ನೋಡಿಟ್ಟಿದ್ದೆ.

ತಮಗೆ ಕೊಟ್ಟಿರುವ ಸೌಕರ್ಯಗಳನ್ನು ಆಡಿಕೊಳ್ಳುವುದು ಸಣ್ಣತನ. ಆದರೂ ದಾಖಲೆಗೆ ಇರಲಿ ಎಂದು ಬರೆಯುತ್ತೇನೆ. ತಾವು ಈಜುವ ನೀರು ತೊಟ್ಟಿಯಿಂದ ಹೊರಟು, ಜರಡಿಯಲ್ಲಿ ತಮ್ಮ ವಿಸರ್ಜನೆಯನ್ನು ಇಳಿಸಿ, ಪ್ಲಾಸ್ಟಿಕ್ ಬಿಲ್ಲೆಗಳು ತುಂಬಿದ ಪೀಪಾಯಿಯೊಳಗೆ ಹಾದು, ಅಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿಗೆ ವಿಷವನ್ನೆಲ್ಲ ಒಪ್ಪಿಸಿ, ಗಾಳಿ ತುಂಬಿಸಿಕೊಂಡು, ಬೆಚ್ಚಗಾಗಿ ಮತ್ತೆ ತಮ್ಮ ಸೇವೆಗೆ ಹಾಜರಾಗುತ್ತದೆ. ಇದಕ್ಕೆ ಪಂಪು, ಪಂಪು ಕೆಟ್ಟರೆ ಇನ್ನೊಂದು ಪಂಪು, ಕರೆಂಟು ಹೋದರೆ ಜನರೇಟರು, ಜನರೇಟರು ಮುನಿಸಿಕೊಂಡರೆ ಬಕೆಟ್ ಹಿಡಿದು ನೀರು ಎತ್ತಿ ಎತ್ತಿ ಸುರಿಯಲು ನಾನು. ತಾವು ಒಂದೇ ಒಂದು ಗಳಿಗೆ ಉಸಿರು ಬಿಗಿಹಿಡಿದರೆ ಕರೆಂಟು ಬಿಲ್ಲಿನಲ್ಲಿ ನನಗೆಷ್ಟೋ ಉಪಕಾರವಾಗುತ್ತದೆಂದು ಹಲವು ಸಲ ವಿನಂತಿಸಿಕೊಳ್ಳಬೇಕೆನ್ನಿಸಿದೆ. ನನ್ನ ಹೆಂಡತಿಯಂತೂ ಒಂದು ದಿನ ಸ್ನಾನದ ಮನೆಯ ಬಾಗಿಲಲ್ಲಿ ಟವಲು ಹಿಡಿದು ನಿಂತು, "ನಾನು ಹೀಟರ್ ಹಾಕಿದ್ರೆ ಕರೆಂಟು ಸುಡುತ್ತೆ ಅಂತೀರಿ, ಅಲ್ಲಿ ಮೀನು ಬೆಚ್ಚಗೆ ಮಲ್ಗಿವೆ. ಇವತ್ತು ನಾನೂ ಅಲ್ಲೇ ಹೋಗಿ ಮುಳುಗ್ತೀನಿ ಬಿಡಿ" ಎಂದಳು. ಇನ್ನೊಬ್ಬರು ಇಳಿದರೆ ತೊಟ್ಟಿಯಲ್ಲಿ ಅಮೋನಿಯಾ ಏರುತ್ತದೆಂದು ನಾನು ಶಾಸ್ತ್ರೋಕ್ತವಾಗಿ ವಿವರಿಸಿದೆ. ಆ ವಿವರಣೆಗೆ ಸಿಕ್ಕ ಪ್ರತಿಕ್ರಿಯೆಯನ್ನು ಇಲ್ಲಿ ಬರೆಯಲಾರೆ.

ಇನ್ನು ತಾವು ವಾಸವಾಗಿರುವ ಕೋಣೆಯ ವಿಚಾರ. ಅದು ನನ್ನದಲ್ಲ, ಅಕ್ಕನದು. ನಮ್ಮ ಅಪ್ಪ ಅಮ್ಮ ಬೇಗ ಹೋದ ಮೇಲೆ ಅಕ್ಕ ಅದೇ ಕೋಣೆಯಲ್ಲಿ ಶಾಲೆ ಮಕ್ಕಳ ಯೂನಿಫಾರಂ ಹೊಲಿದು ನನ್ನನ್ನು ಓದಿಸಿದಳು, ಮೇಷ್ಟ್ರನ್ನಾಗಿ ಮಾಡಿದಳು. ಬಟ್ಟೆ ಕತ್ತರಿಸುವ ಅವಳ ದೊಡ್ಡ ಮೇಜು ಆ ಕೋಣೆಯಲ್ಲಿ ಬಿಟ್ಟು ಬೇರೆಲ್ಲೂ ಹಿಡಿಸುವುದಿಲ್ಲ. ಮೀನಿನ ಯೋಜನೆಯನ್ನು ನಾನು ಅವಳ ಮುಂದೆ ಹರಡಿದಾಗ, ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, "ಒಂದು ವರ್ಷ ಇಟ್ಕೋ. ಆಮೇಲೆ ನನ್ ಮೇಜು ಅಲ್ಲೇ ಬರ್ಬೇಕು" ಎಂದಳು. ಅಂದಿನಿಂದ ಮೇಜು ಗೋಡೆಗೆ ಒರಗಿ ನಿಂತಿದೆ. ಅಕ್ಕ ಬಾಗಿಲಾಚೆಯ ಓಣಿಯಂಥ ನಡುಮನೆಯಲ್ಲಿ ಯಂತ್ರ ಹಾಕಿಕೊಂಡು, ನೆಲದ ಮೇಲೆ ಬಟ್ಟೆ ಹಾಸಿ, ಮಂಡಿಯೂರಿ ಕತ್ತರಿಸುತ್ತಾಳೆ, ಏಳುವಾಗ ಗೋಡೆ ಹಿಡಿದು ಏಳುತ್ತಾಳೆ. ಇದನ್ನು ನಾನು ದಿನಾ ನೋಡುತ್ತಿದ್ದೆ, ದಿನಾ ಇನ್ನೊಂದು ಸ್ವಲ್ಪ ದಿನ ಎಂದುಕೊಳ್ಳುತ್ತಿದ್ದೆ.

ತಾವು ಬೆಳೆದಿರಿ, ಅದರಲ್ಲಿ ತಮ್ಮ ತಪ್ಪೇನೂ ಇಲ್ಲ. ತಪ್ಪಾದದ್ದು ಮಾರುಕಟ್ಟೆಯಲ್ಲಿ. ಅಲ್ಲಿ ಕೆರೆಯ ಮೀನು ಮಾರುವ ಹೆಂಗಸು ತನ್ನ ಬುಟ್ಟಿಯ ಮೇಲಿನ ನೊಣ ಓಡಿಸುತ್ತ ಕೂಗುವ ಬೆಲೆಗೆ, ನಾನು ತಮ್ಮ ಬೆನ್ನಿನ ಕಡೆಯ ಅರ್ಧವನ್ನು ಮಾತ್ರ ಬೆಳೆಸಬಲ್ಲೆ. ನನ್ನ ಮೀನು ಶುದ್ಧ, ನನ್ನ ಮೀನಿಗೆ ಬಿಸಿನೀರು, ನನ್ನ ಮೀನಿನ ನೀರನ್ನು ದಿನವೂ ಪರೀಕ್ಷೆ ಮಾಡುತ್ತೇನೆ ಎಂದೆಲ್ಲ ಅವಳ ಮುಂದೆ ಹೇಳಿದಾಗ ಅವಳು, "ಪಾಪ, ಆಸ್ಪತ್ರೇಲಿದ್ವಾ?" ಎಂದು ಮರುಕಪಟ್ಟಳು. ಅಂತೂ ಊರೆಲ್ಲ ಸುತ್ತಿದ ಮೇಲೆ ಒಬ್ಬರೇ ಒಬ್ಬರು ಹೋಟೆಲ್ ಮಾಲೀಕರು, ರುಚಿ ಒಪ್ಪಿಗೆಯಾದರೆ ವಾರವಾರ ಮೀನು ಕೊಳ್ಳುವುದಾಗಿ, ನಾನು ಕೇಳಿದ ದರವನ್ನೇ ಕೊಡುವುದಾಗಿ ಮಾತು ಕೊಟ್ಟರು. ಆ ಒಂದು ಆರ್ಡರು ಬಂದರೆ ಊರಾಚೆ ಶೆಡ್ಡು ಹಿಡಿಯಬಹುದು, ಅಕ್ಕನ ಕೋಣೆ ಬಿಟ್ಟುಕೊಡಬಹುದು, ಲಾಭನಷ್ಟ ಮೇಷ್ಟ್ರು ಲಾಭವನ್ನೂ ಒಮ್ಮೆ ಕಂಡರು ಎಂದಾಗಬಹುದು. ಬರದಿದ್ದರೆ, ಇಷ್ಟು ದಿನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ.

ಇಲ್ಲಿಂದ ತಮ್ಮ ಮೇಲಿನ ಆಪಾದನೆ ಆರಂಭವಾಗುತ್ತದೆ. ಒಂದೇ ನೀರು ತಿರುಗಿ ತಿರುಗಿ ಬರುವ ತೊಟ್ಟಿಯಲ್ಲಿ ಬೆಳೆದ ಮೀನಿನ ಮಾಂಸಕ್ಕೆ ಒಂದು ಬಗೆಯ ಮಣ್ಣಿನ ವಾಸನೆ ಹತ್ತಿಕೊಳ್ಳುವುದು ತಮಗೆ ಗೊತ್ತಿರದೆ ಇರಲಾರದು, ಹತ್ತಿಸಿಕೊಂಡವರು ತಾವೇ. ಅದನ್ನು ಬಿಡಿಸಲು ಮಾರುವ ಮುಂಚೆ ತಮ್ಮಲ್ಲಿ ಕೆಲವರನ್ನು ಬೇರೆ ತೊಟ್ಟಿಗೆ ತಂದು, ಹೊಸ ನೀರು ಹರಿಸುತ್ತ, ಒಂದು ವಾರಕ್ಕೂ ಮಿಕ್ಕಿ ಒಂದು ಕಾಳೂ ಹಾಕದೆ ಇಡಬೇಕು. ಹೊಟ್ಟೆ ಖಾಲಿಯಾದಂತೆ ಮೈ ವಾಸನೆಯೂ ಹೋಗುತ್ತದೆ. ಇದಕ್ಕಾಗಿಯೇ ಮೀಸಲಾದದ್ದು ತಮ್ಮ ಮೂರನೇ ತೊಟ್ಟಿ. ಒಂದು ಬದಿಗೆ ಗಾಜು ಹಾಕಿಸಿದ್ದೆ, ಬಂದ ಗಿರಾಕಿಗಳು ನೋಡಲಿ ಎಂದು. ಗಿರಾಕಿಗಳು ಯಾರೂ ಬರಲಿಲ್ಲ. ಗಾಜು ನೇರವಾಗಿ ತೆರೆದುಕೊಂಡದ್ದು ಬಾಗಿಲಾಚೆ ಕುಳಿತು ಹೊಲಿಯುವ, ಅಲ್ಲೇ ತಟ್ಟೆ ಇಟ್ಟುಕೊಂಡು ಮಧ್ಯಾಹ್ನ ಉಣ್ಣುವ ಅಕ್ಕನ ಕಡೆಗೆ.

ರುಚಿ ನೋಡುವ ದಿನ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೋಟೆಲಿನ ಅಡುಗೆಮನೆಯಲ್ಲಿ ನಿಂತಿದ್ದೆ. ಬಾಣಸಿಗ ತಮ್ಮ ಇಬ್ಬರು ಸಹೋದರರನ್ನು ಬರೀ ಉಪ್ಪು ಹಾಕಿ ಹಬೆಯಲ್ಲಿ ಬೇಯಿಸಿದ, ಮಸಾಲೆಯ ಮರೆಯಲ್ಲಿ ಏನೂ ಅಡಗಬಾರದೆಂದು. ಮಾಲೀಕರು ಒಂದು ಎಸಳು ಬಾಯಿಗಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದು, "ಇದು ಮೀನಲ್ಲ ಮೇಷ್ಟ್ರೇ, ಮಳೆ ಬಿದ್ದ ಅಂಗಳ" ಎಂದರು. ಬಾಣಸಿಗನೂ ಒಂದು ಚೂರು ತಿಂದು ಮಾಲೀಕರನ್ನು ತಿದ್ದಿದ, ಅಂಗಳವಲ್ಲವಂತೆ, ಅಂಗಳದ ಚರಂಡಿಯಂತೆ. ಆದರೂ ಮಾಲೀಕರು ಒಳ್ಳೆಯವರು. ಮತ್ತೊಂದು ಸಲ ಸರಿಯಾಗಿ ಉಪವಾಸ ಕೆಡವಿ ತಂದರೆ ನೋಡೋಣ, ಆದರೆ ಅದೇ ಕೊನೆ ಎಂದು ಕಳಿಸಿಕೊಟ್ಟರು. ನಾನು ಮನೆಗೆ ಬಂದು, ಅಂಗಿ ತೋಳು ಮಡಚಿ, ತೊಟ್ಟಿಯ ಜರಡಿ ಬಿಚ್ಚಿ ನೋಡಿದೆ. ಉಪವಾಸದಲ್ಲಿದ್ದವರ ಜರಡಿಯಲ್ಲಿ ಏನೂ ಇರಬಾರದು. ತಮ್ಮ ಜರಡಿಯಲ್ಲಿ ನೆನೆದ ಬ್ರೆಡ್ಡಿನ ಚೂರುಗಳಿದ್ದವು, ಅದಕ್ಕೆ ಸುತ್ತಿಕೊಂಡು ಯೂನಿಫಾರಮ್ಮಿನ ನೀಲಿ ದಾರವೂ ಇತ್ತು.

ಮಾನ್ಯರೇ, ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಕೇಳಿದ್ದೆ. ಬೇಲಿಯೇ ಎದ್ದು ಹೊಲಕ್ಕೆ ಊಟ ಬಡಿಸಿದ್ದನ್ನು ಕಂಡದ್ದು ಅಂದೇ. ಕೋಣೆ ಬೇಗ ಬಿಡಿಸಿಕೊಳ್ಳಲು ಅಕ್ಕ ಹೂಡಿದ ಉಪಾಯವೇ ಇದು ಎಂದು ಒಂದು ಗಳಿಗೆ ನನ್ನ ಮನಸ್ಸಿಗೆ ಬಂತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬಂದದ್ದು ನಿಜ. ಅವಳು ಮುಚ್ಚಿಡಲಿಲ್ಲ. ಯಂತ್ರ ತುಳಿಯುವುದನ್ನು ನಿಲ್ಲಿಸಿ, "ನಾನು ತಟ್ಟೆ ಇಟ್ಕೊಂಡ್ರೆ ಸಾಕು, ಅಷ್ಟೂ ಬಂದು ಗಾಜಿಗೆ ಮೂತಿ ಒತ್ತಿ ಬಾಯಿ ಬಿಡ್ತಾವೆ ಕಣೋ. ನನ್ ಗಂಟಲಲ್ಲಿ ಹೇಗೆ ಇಳೀಬೇಕು?" ಎಂದಳು. ಅದು ಹಸಿವಲ್ಲ, ಮೀನು ಉಸಿರಾಡುವ ಕ್ರಮವೇ ಹಾಗೆ ಎಂದು ನಾನು ಪಾಠ ಒಪ್ಪಿಸಿದೆ. "ಉಸಿರಾಡೋಕೆ ನನ್ ತಟ್ಟೇನೇ ಯಾಕೆ ನೋಡ್ಬೇಕು?" ಎಂದಳು. ಇದಕ್ಕೆ ತರಬೇತಿಯಲ್ಲಿ ಕೊಟ್ಟ ಪುಸ್ತಕದಲ್ಲಿ ಉತ್ತರವಿಲ್ಲ, ನಾನು ಹುಡುಕಿದ್ದೇನೆ.

ನನ್ನ ಹೆಂಡತಿಗೆ ನ್ಯಾಯ ಬಗೆಹರಿಸುವುದೆಂದರೆ ಪ್ರೀತಿ. ಅವಳು ನಡುವೆ ಬಂದು, "ಅಕ್ಕಾ, ಆಮೇಲೆ ಅವನ್ನ ಕೊಯ್ತಾರಲ್ಲ, ಅದಕ್ಕೆ ಬೇಜಾರಿಲ್ವಾ ನಿಮಗೆ?" ಎಂದು ಕೇಳಿದಳು. ಅಕ್ಕ ಮೀನನ್ನು ಮುಳ್ಳು ಕೂಡ ಚೀಪಿ ತಿನ್ನುವವಳು, ಆ ವಿಚಾರದಲ್ಲಿ ತಮಗೆ ಯಾವ ಭ್ರಮೆಯೂ ಬೇಡ. ಅವಳು ಸ್ವಲ್ಪವೂ ಅಳುಕದೆ, "ಕೊಯ್ಯೋದು ಬೇರೆ, ಹಸಿವಿಗೆ ಕೆಡವೋದು ಬೇರೆ. ಕೊಯ್ಯೋದಾದ್ರೆ ಉಣ್ಣಿಸಿ ಕೊಯ್ಯಿರಿ" ಎಂದಳು. ಹಸಿವೆಂದರೆ ಏನೆಂದು ಅಕ್ಕನಿಗೆ ಗೊತ್ತು. ನನಗೆ ಗೊತ್ತಿಲ್ಲ, ಗೊತ್ತಾಗದ ಹಾಗೆ ಅವಳು ನೋಡಿಕೊಂಡಳು. ಆದರೂ ಎರಡನೇ ಸಲ ತಮ್ಮನ್ನು, ಅಂದರೆ ಈಗ ಈ ಪತ್ರ ಪಡೆಯುತ್ತಿರುವ ತಂಡವನ್ನು, ಮೂರನೇ ತೊಟ್ಟಿಗೆ ಇಳಿಸಿದ ದಿನ ಅಕ್ಕ ನನ್ನ ಮುಖ ನೋಡಿ, "ಹಾಕಲ್ಲ ಬಿಡು, ನಿನ್ನಾಣೆ" ಎಂದು ಮಾತು ಕೊಟ್ಟಳು. ಅಕ್ಕ ಕೊಟ್ಟ ಮಾತಿಗೆ ತಪ್ಪಿದವಳಲ್ಲ.

ತಪ್ಪಲಿಲ್ಲ. ತಾವು ಉಪವಾಸ ಕುಳಿತಿರಿ, ಅವಳೂ ಕುಳಿತಳು. ಮೊದಲೆರಡು ದಿನ ನನಗೆ ತಿಳಿಯಲೇ ಇಲ್ಲ. ನೀರಿನ ಪರೀಕ್ಷೆಯಲ್ಲಿ ಮುಳುಗಿದವನಿಗೆ ಪಕ್ಕದ ತಟ್ಟೆ ಕಾಣುವುದಿಲ್ಲ. ತಟ್ಟೆ ಹಾಗೇ ವಾಪಸು ಬರುತ್ತಿದೆ ಎಂದು ಹೆಂಡತಿ ಹೇಳಿದ ಮೇಲೆ ನಾನು ಗಾಜಿಗೆ ಕಪ್ಪು ಬಟ್ಟೆ ಹೊದಿಸಿದೆ. "ಕಾಣ್ದೆ ಹೋದ್ರೆ ಹಸಿವು ಹೋಗುತ್ತಾ?" ಎಂದಳು ಅಕ್ಕ. ಮಹಡಿಯ ಮೇಲೆ ಹೋಗಿ ಊಟ ಮಾಡು ಎಂದೆ. ಹೋದಳು, ತಟ್ಟೆಯನ್ನು ಅಷ್ಟೇ ಭಾರವಾಗಿ ಇಳಿಸಿಕೊಂಡು ಬಂದಳು. ಬರೀ ಚಹಾ ಕುಡಿದು ಹೊಲಿಯುತ್ತಿದ್ದಳು, ಕೇಳಿದರೆ ಹಸಿವಿಲ್ಲ ಎನ್ನುತ್ತಿದ್ದಳು, ನನ್ನ ಮೇಲೆ ಸಿಟ್ಟಿಲ್ಲ ಎನ್ನುತ್ತಿದ್ದಳು, ಸಿಟ್ಟಿರಲೂ ಇಲ್ಲ. ಸಿಟ್ಟಾದರೂ ಇದ್ದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಶೆಡ್ಡು ಹಿಡಿದ ಮೇಲೆ ಇದೆಲ್ಲ ಅವಳ ಕಣ್ಣಿಗೆ ಬೀಳುವುದಿಲ್ಲ ಎಂದು ಹೇಳಿ ನೋಡಿದೆ. "ಅಲ್ಲಿದ್ರೂ ನಂಗೆ ಗೊತ್ತಿರುತ್ತಲ್ಲೋ" ಎಂದಳು.

ಹೋಟೆಲಿಗೆ ಹೋಗಲು ಎರಡೇ ದಿನ ಉಳಿದಿದ್ದಾಗ, ಮಧ್ಯಾಹ್ನ, ಅಕ್ಕ ಕತ್ತರಿಸಿದ ಬಟ್ಟೆ ಎತ್ತಿಕೊಂಡು ಏಳಲು ಹೋಗಿ ಏಳಲಾಗದೆ ಹಾಗೇ ಗೋಡೆಗೆ ಒರಗಿ ಕುಳಿತಳು. ಕೈಯಲ್ಲಿ ಕತ್ತರಿ ಇತ್ತು. ನಾನು ಹೋಗಿ ಕತ್ತರಿ ತೆಗೆದಿಟ್ಟೆ. ಅವಳ ಕೈ ಎಷ್ಟು ಹಗುರವಾಗಿತ್ತೆಂದರೆ ನನಗೆ ಭಯವಾಯಿತು. ನಾನು ಎದ್ದು ಕೋಣೆಗೆ ಬಂದು, ಗಾಜಿನ ಮೇಲಿನ ಬಟ್ಟೆ ಕಿತ್ತು, ಗುಳಿಗೆಯ ಚೀಲಕ್ಕೆ ಕೈಹಾಕಿ, ಅಳತೆಯ ಲೋಟವನ್ನೂ ಹುಡುಕದೆ, ಬೊಗಸೆ ತುಂಬಿ ತುಂಬಿ ತಮಗೆ ಸುರಿದೆ. ಆದ್ದರಿಂದ, ಮಾನ್ಯರೇ, ಈ ಪತ್ರದ ತಲೆಬರಹದಲ್ಲಿರುವ ಉಪವಾಸ ಮುರಿದ ಅಪರಾಧಕ್ಕೆ ಎರಡನೇ ಸಲ ಕುಮ್ಮಕ್ಕು ಕೊಟ್ಟವನು ದೂರುದಾರನೇ. ತಾವು ಆ ಹೊತ್ತಿನಲ್ಲಿ ನೀರು ಚಿಮ್ಮಿಸಿ ನನ್ನ ಕನ್ನಡಕ ಒದ್ದೆ ಮಾಡಿದ್ದು ಒಳ್ಳೆಯದೇ ಆಯಿತು, ಬೇರೆ ಯಾವ ವಿವರಣೆಯನ್ನೂ ಕೊಡಬೇಕಾಗಲಿಲ್ಲ.

ಹೋಟೆಲ್ ಮಾಲೀಕರಿಗೆ ಫೋನ್ ಮಾಡಿ, ಮೀನುಗಳು ಊಟ ಮಾಡಿಬಿಟ್ಟಿವೆ, ಇನ್ನು ಮುಂದೆಯೂ ಮಾಡುತ್ತವೆ, ಆದ್ದರಿಂದ ನಾನು ಬರುವುದಿಲ್ಲ ಎಂದೆ. ಅವರು, "ಮೇಷ್ಟ್ರೇ, ನೀವು ಮೀನು ಸಾಕ್ತಿದೀರೋ, ಅಳಿಯಂದಿರನ್ನ ಸಾಕ್ತಿದೀರೋ?" ಎಂದರು. ಹಿಂದಿರುಗಿ ನೋಡಿದರೆ ಅವರ ಅನುಮಾನ ನ್ಯಾಯವಾದದ್ದು. ಬಿಸಿನೀರು, ಗಾಳಿ, ವೇಳೆಗೆ ಸರಿಯಾಗಿ ಊಟ, ಕೋಪ ಬಂದರೆ ನಷ್ಟ, ಅಗಲಿದರೆ ಇನ್ನೂ ನಷ್ಟ. ಇದರಲ್ಲಿ ವ್ಯಾಪಾರ ಎಲ್ಲಿತ್ತೋ ನನಗಂತೂ ಕಾಣಲಿಲ್ಲ. ಆರ್ಡರು ಸಿಕ್ಕಿದ್ದರೂ ನಾನು ಮುಳುಗುತ್ತಿದ್ದೆ, ಸ್ವಲ್ಪ ನಿಧಾನವಾಗಿ ಮತ್ತು ಇನ್ನಷ್ಟು ಆಳದಲ್ಲಿ. ಈ ಉದ್ಯಮ ನಿಲ್ಲುತ್ತದೋ ಇಲ್ಲವೋ ಎಂದು ಯಾರಾದರೂ ವಿದ್ಯಾರ್ಥಿ ಈಗ ಕೇಳಿದರೆ, ಕರೆಂಟಿನ ಖರ್ಚು, ಆಹಾರದ ಖರ್ಚು, ಮರಿಯ ಖರ್ಚು ಎಲ್ಲವನ್ನೂ ಬರೆಸಿದ ಮೇಲೆ, ಮನೆಯಲ್ಲಿ ಅಕ್ಕ ಇದ್ದಾಳೆಯೇ ಎಂದು ಮೊದಲು ಕೇಳಿಕೊಂಡು ಬಾ ಎನ್ನುತ್ತೇನೆ.

ಕಡೆಯದಾಗಿ ತಮ್ಮ ಗಮನಕ್ಕೆ. ಬರುವ ಸೋಮವಾರ ಕೆರೆಯ ಗುತ್ತಿಗೆದಾರನ ಗಾಡಿ ಬರುತ್ತದೆ. ತಮ್ಮನ್ನೂ ಒಂದನೇ ಮತ್ತು ಎರಡನೇ ತೊಟ್ಟಿಯ ಬಂಧುಗಳನ್ನೂ ಜೀವಂತವಾಗಿ ಊರಾಚೆಯ ಕೆರೆಗೆ ಸಾಗಿಸುತ್ತಾನೆ. ಅವನು ಕೊಡುವ ಬೆಲೆಯನ್ನು ಕೇಳಿ ತಾವು ಅವಮಾನ ಪಡಬೇಡಿ, ಅದು ನನಗೆ ಸೇರಿದ್ದು. ಅಲ್ಲಿ ಗಾಳಿ ಪುಕ್ಕಟೆ, ಬಿಸಿಲು ಪುಕ್ಕಟೆ, ವಿಷ ತಿನ್ನುವ ಜೀವಾಣುಗಳು ಕೂಡ ಪುಕ್ಕಟೆ ಸೇವೆಗೆ ನಿಂತಿವೆ. ನಾನು ಇಷ್ಟು ದಿನ ಒಂದೊಂದಾಗಿ ಕೊಂಡುತಂದು ಜೋಡಿಸಿದ್ದನ್ನೆಲ್ಲ ಅಲ್ಲಿ ಯಾರೋ ಮೊದಲೇ ಜೋಡಿಸಿಟ್ಟಿದ್ದಾರೆ. ಹೋಗುವಾಗ ಗಾಜನ್ನು ಒಡೆಯದೆ, ಬಾಗಿಲಲ್ಲಿ ಅಕ್ಕನ ಕಡೆಗೆ ತಿರುಗಿ ಬಾಯಿ ಬಿಡದೆ ಹೊರಡಬೇಕೆಂದು ವಿನಂತಿ. ಬಿಟ್ಟರೆ ಅವಳು ಗಾಡಿಯನ್ನು ತಡೆದು ಊಟಕ್ಕೆ ಕೂರಿಸುತ್ತಾಳೆ.

ಆ ದಿನ ಮಧ್ಯಾಹ್ನ ತಾವು ಉಂಡದ್ದನ್ನು ನೋಡಿದ ಮೇಲೆ ಅಕ್ಕ ತಟ್ಟೆ ಕೇಳಿದಳು. ಎರಡು ಸಲ ಬಡಿಸಿಕೊಂಡು ಉಂಡಳು. ನಾನು ಎದುರಿಗೆ ಕುಳಿತಿದ್ದೆ. ಅವಳು ನನ್ನ ಮುಖ ನೋಡಿ, ತುತ್ತು ಎತ್ತಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ, "ನೀನ್ ಉಂಡ್ಯೇನೋ?" ಎಂದು ಕೇಳಿದಳು. ನಾನು ಉಂಡಿರಲಿಲ್ಲ. ಇಲ್ಲ ಎನ್ನುವಷ್ಟರಲ್ಲಿ ತಟ್ಟೆ ನನ್ನ ಮುಂದಿತ್ತು.

ಇಂತಿ,
ತಮ್ಮ ವಿಶ್ವಾಸಿ, ತಮ್ಮ ಹೀಟರಿನ ಮಾಜಿ ಸೇವಕ,
ಹಾಗೂ ಈಗ ನಷ್ಟದ ಕಡೆ ಮಾತ್ರ ಉಳಿದಿರುವ
ಲಾಭನಷ್ಟ ಮೇಷ್ಟ್ರು

ತಾಜಾ ಕಲಂ: ಕೋಣೆ ಖಾಲಿಯಾಗುವ ಸುದ್ದಿ ತಿಳಿದು ನನ್ನ ಭಾವಮೈದ ಅಣಬೆ ಬೆಳೆಸುವ ಯೋಜನೆಯ ಕಡತ ಹಿಡಿದು ಬಂದಿದ್ದಾನೆ. ಅಣಬೆಗೆ ಬಾಯಿಯಿಲ್ಲ, ಮುಖವಿಲ್ಲ, ಉಪವಾಸದ ಪ್ರಶ್ನೆಯೇ ಇಲ್ಲ, ಕತ್ತಲೆ ಇದ್ದರೆ ಸಾಕು, ಆದ್ದರಿಂದ ಲಾಭ ಖಚಿತ ಎನ್ನುತ್ತಾನೆ. ಅಕ್ಕನ ಮೇಜನ್ನು ಸೋಮವಾರ ಸಂಜೆಯೇ ಒಳಗೆ ತರಬೇಕೆಂದು ನಾನು ಕಡತವನ್ನು ಮುಟ್ಟದೆ ಅವನಿಗೇ ಹಿಂದಿರುಗಿಸಿದೆ. ಮೊದಲ ಪುಟ ಮಾತ್ರ ನೋಡಿದೆ, ಅದೂ ನಿಂತುಕೊಂಡೇ. ಚೆನ್ನಾಗಿ ಬರೆದಿದ್ದಾನೆ.